ಬಂಡೆ ನೋಡಿದವರು, ಹಕ್ಕಿ ನೋಡಿದವರು

1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಸೀಮೆಯ ಸಾವನದುರ್ಗವನ್ನು ಹಿಡಿಯಿತು. ಆ ದಂಡಿನ ಜೊತೆಗೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಬಂದಿದ್ದ. ಸಾವನದುರ್ಗ, ರಾಮಗಿರಿ, ಹುತ್ರಿದುರ್ಗ ಎಂದು ಅವನು ನಮ್ಮ ಬೆಟ್ಟಗಳನ್ನು ಒಂದೊಂದಾಗಿ ಬರೆದ. ಆ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಬಂದವು. 1800ರಲ್ಲಿ ಕಂಪನಿ ಸರ್ಕಾರಕ್ಕಾಗಿ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಇದೇ ದಾರಿಯಲ್ಲಿ ಹಾದುಹೋದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದ, ಮಾಗಡಿ ಕಾಡಿನ ಮರಗಳ ಹೆಸರು ಕೇಳಿ ಗುರುತು ಮಾಡಿಕೊಂಡ. ಮುಂದೆ ರಮೇಶ್ ಸಿಪ್ಪಿ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಊರನ್ನೇ ಕಟ್ಟಿ ‘ಶೋಲೆ’ ತೆಗೆದರು. ಅದು ತೆರೆಗೆ ಬಂದದ್ದು 1975ರ ಆಗಸ್ಟ್ 15ರಂದು. ಆಮೇಲೆ ಡೇವಿಡ್ ಲೀನ್ ಬಂದು 1984ರ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಗಳನ್ನು ನಮ್ಮ ಬಂಡೆಗಳಲ್ಲೇ ಹುಡುಕಿಕೊಂಡ.

ಇವರಲ್ಲಿ ಹೆಚ್ಚಿನವರು ಬಂಡೆ ನೋಡಲು ಬಂದವರು. ದಂಡಿನವರಿಗೆ ಅದು ಕೋಟೆ, ಸಿನಿಮಾದವರಿಗೆ ಡಕಾಯಿತರ ನೆಲೆ. ಅದೇ ಬಂಡೆಯ ನಡುವಿನಲ್ಲಿ, ಮನುಷ್ಯ ಕಾಲಿಡಲಾಗದ ಚಾಚುಗಳ ಕೆಳಗೆ, ಸುಣ್ಣದ ನೀರು ಚೆಲ್ಲಿದಂತೆ ಉದ್ದುದ್ದ ಬಿಳಿ ಗೀರುಗಳಿರುತ್ತವೆ. ಅವು ರಣಹದ್ದಿನ ಹಿಕ್ಕೆಯ ಗುರುತು. ಆ ಗೀರನ್ನು ಕಂಡು, ಅದರ ಮೇಲೆ ಕೂತವರನ್ನು ಎಣಿಸಿ, ದಿನಾಂಕ ಹಾಕಿ ಬರೆದಿಟ್ಟವರ ಕಥೆ ಕೋಟೆಯ ಕಥೆಯಷ್ಟು ಹಳೆಯದಲ್ಲ. ಆದರೆ ಈ ಸೀಮೆಯ ಮಟ್ಟಿಗೆ ಅದು ಕೋಟೆಯ ಕಥೆಗಿಂತ ಕಡಿಮೆಯದೂ ಅಲ್ಲ ಎಂದು ನನ್ನ ದೃಢವಾದ ನಂಬಿಕೆ. ಅದನ್ನು ನನಗೆ ತಿಳಿದಷ್ಟು ಬರೆದಿಡಬೇಕೆಂಬುದು ಬಹಳ ದಿನದ ಆಸೆ.

ನಾನು ಚನ್ನಪಟ್ಟಣದವಳು, ರೇಷ್ಮೆ ಇಲಾಖೆಯಲ್ಲಿ ದುಡಿದು ನಿವೃತ್ತಿಯಾದವಳು. ಹುಳು ಮನೆಗಳಿಗೆ ಹೋಗುವುದು, ಹುಳು ಎಷ್ಟನೇ ಜ್ವರದಲ್ಲಿದೆ, ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ ಎಂದು ನೋಡುವುದು, ಸುಣ್ಣ ಎರಚಿದ್ದಾರೋ ಇಲ್ಲವೋ ವಿಚಾರಿಸುವುದು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ಹೊತ್ತಿಗೆ ಜೊತೆಗಿರುವುದು ನನ್ನ ಕೆಲಸ. ಬಸ್ಸಿಳಿದ ಮೇಲೆ ಹಳ್ಳಿಗೆ ನಡೆದೇ ಹೋಗಬೇಕು. ಮಾಗಡಿ ತಾಲ್ಲೂಕು, ಕನಕಪುರ, ರಾಮನಗರ ಎಲ್ಲ ಕಡೆಯ ಹಿಪ್ಪುನೇರಳೆ ತೋಟದ ಬದುಗಳನ್ನು ಹೀಗೆ ತುಳಿದಿದ್ದೇನೆ. ಬದುವಿನ ಮೇಲೆ ನಡೆಯುವವರಿಗೆ ಹಕ್ಕಿ ಕಾಣದೇ ಇರುವುದಿಲ್ಲ. ಹಿಪ್ಪುನೇರಳೆ ಹಣ್ಣಿಗೆ ಪಿಕಳಾರ ಬರುತ್ತದೆ, ಪಂಪ್‌ಸೆಟ್ಟಿನ ತಂತಿಯ ಮೇಲೆ ಕಾಜಾಣ ಕೂತಿರುತ್ತದೆ, ಹೊಸದಾಗಿ ಉತ್ತ ಮಣ್ಣಿಗೆ ಗೊರವಂಕ ಇಳಿಯುತ್ತದೆ. 1980ರಲ್ಲಿ, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಯನ್ನೇ ಅಲ್ಲಾಡಿಸಿಬಿಟ್ಟಿತ್ತು. ಹುಳುವಿನ ಮೈಮೇಲಿನ ಕಡ್ಡಿಮೊನೆಯಷ್ಟು ಸಣ್ಣ ಚುಕ್ಕೆಯನ್ನೂ ಬಿಡದೆ ಗಮನಿಸುವ ಅಭ್ಯಾಸ ನಮ್ಮ ಇಲಾಖೆಯವರಿಗೆಲ್ಲ ಅಂಟಿತು. ನನ್ನ ಹಕ್ಕಿ ನೋಟಕ್ಕೆ ಕಣ್ಣು ಪಳಗಿದ್ದು ಅಲ್ಲೇ.

ಬೈನಾಕ್ಯುಲರ್ ಹಿಡಿದವರು ಬರುವುದಕ್ಕೆ ಮೊದಲು ಇಲ್ಲಿ ಹಕ್ಕಿ ನೋಡುವವರೇ ಇರಲಿಲ್ಲ ಎಂದುಕೊಂಡರೆ ಅದು ಅನ್ಯಾಯ. ಹೊಟ್ಟೆಪಾಡಿಗಾಗಿ ನೋಡುವವರಿದ್ದರು. ಪಂಜರದಲ್ಲಿ ಸಾಕಿದ ಗೌಜಲಕ್ಕಿಯನ್ನು ಕುರುಚಲು ಕಾಡಿನ ಅಂಚಿಗೆ ಒಯ್ದು ಇಟ್ಟರೆ ಅದು ಕೂಗುತ್ತದೆ. ನನ್ನ ಜಾಗಕ್ಕೆ ಬಂದವನಾರು ಎಂದು ಕಾಡಿನ ಗೌಜಲ ಎದುರು ಕೂಗುತ್ತ ಜಗಳಕ್ಕೆ ಬಂದು ಬಲೆಗೆ ಬೀಳುತ್ತದೆ. ಯಾವ ತಿಂಗಳಲ್ಲಿ ಅದು ಹೆಚ್ಚು ಸಿಟ್ಟಿನಲ್ಲಿರುತ್ತದೆ, ಯಾವ ಹೊತ್ತಿನಲ್ಲಿ ಮೊದಲ ಕೂಗು ಬರುತ್ತದೆ ಎಂಬುದು ಬಲೆ ಹಾಕುವವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಾರದು. ಕನಕಪುರದ ಗಡಿಗೆ ಹತ್ತಿರದ ಬನ್ನೇರುಘಟ್ಟದ ಕಡೆ ನೆಲೆನಿಂತ ಹಕ್ಕಿಪಿಕ್ಕಿ ಜನ ತಲೆಮಾರುಗಳಿಂದ ಇದನ್ನೇ ವಿದ್ಯೆಯಾಗಿ ಉಳಿಸಿಕೊಂಡು ಬಂದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ವಿದ್ಯೆ ಅಪರಾಧವಾಯಿತು. ಕಾಯ್ದೆ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರ ತಿಳಿವಳಿಕೆಯನ್ನು ಕೂತು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಆಗಬೇಕಾದಷ್ಟು ಆಗಲಿಲ್ಲ.

ರಣಹದ್ದಿನ ವಿಷಯವೂ ಹಾಗೆಯೇ. ಹಳ್ಳಿಗಳಲ್ಲಿ ದನ ಸತ್ತರೆ ಊರಾಚೆಯ ಬಯಲಿಗೆ ಎಳೆದು ಹಾಕುತ್ತಿದ್ದರು. ಎಳೆಯುವ, ಚರ್ಮ ಸುಲಿಯುವ ಕೆಲಸವನ್ನು ಊರು ಮಾದಿಗರ ಕೇರಿಯ ಮೇಲೆ ಹೇರಿತ್ತು. ಚರ್ಮ ಬಿಡಿಸಿದ ಮೇಲೆ ಉಳಿದದ್ದು ಹದ್ದಿನ ಪಾಲು. ರಾಮನಗರದ ಹತ್ತಿರದ ಒಂದು ಹಳ್ಳಿಯ ಅಜ್ಜನೊಬ್ಬ ನನಗೆ ಹೇಳಿದ್ದು ಇಷ್ಟು: “ಮೊದ್ಲು ಒಂದೇ ಒಂದು ಮೇಲೆ ಸುತ್ತೋದು ಕಣವ್ವ. ನಾವು ಕತ್ತಿ ಒರೆಸ್ಕಳೋ ಒತ್ಗೆ ಮರದ್ ತುಂಬಾ ಕೂತ್ಕಂಬುಡವು. ಸಾಯಂಕಾಲಕ್ಕೆ ಬರೀ ಮೂಳೆ.” ಯಾರು ಹೆಣದ ಹತ್ತಿರ ನಿಂತು ಹದ್ದನ್ನು ನೋಡಿದ್ದರೋ ಅವರಿಗೆ ಅದರ ಸಂಖ್ಯೆ, ಅದು ಬರುವ ದಿಕ್ಕು, ಎಲ್ಲಕ್ಕಿಂತ ಮೊದಲು ತಿನ್ನುವುದು ಯಾವುದನ್ನು ಎಂಬುದೆಲ್ಲ ಬಾಯಿಪಾಠ. ಈ ಜನರ ಮಾತನ್ನು ಕೇಳಿ ಬರೆದಿಟ್ಟಿದ್ದರೆ, 1960ರಲ್ಲಿ ಈ ಬೆಟ್ಟಗಳಲ್ಲಿ ಎಷ್ಟು ರಣಹದ್ದುಗಳಿದ್ದವು ಎಂಬುದಕ್ಕೆ ನಮ್ಮ ಕೈಯಲ್ಲಿ ಒಂದು ಅಂದಾಜಾದರೂ ಇರುತ್ತಿತ್ತು.

ಕೊಕ್ಕರೆ ಬೆಳ್ಳೂರಿನ ಕಥೆ ಇದಕ್ಕಿಂತ ಸುಖದ್ದು. ಲೆಕ್ಕಕ್ಕೆ ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ್ದು. ಆದರೆ ಚನ್ನಪಟ್ಟಣದ ನಮಗೆ ಅದು ಪಕ್ಕದೂರೇ. ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿದರಾಯಿತು. ಊರು ಮೊದಲು ಶಿಂಷಾ ನದಿಯ ದಡದಲ್ಲಿತ್ತಂತೆ. ಪ್ಲೇಗಿನ ಕಾಲದಲ್ಲಿ ಜನ ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಊರಿನವರು ಹೇಳುತ್ತಾರೆ. ಮನೆಯ ಮುಂದಿನ ಹುಣಸೆ ಮರದ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಮರದ ಕೆಳಗೆ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಗೋಡು ಬೆರೆಸಿ ಗೊಬ್ಬರ ಮಾಡುವುದು ಅವರ ರೂಢಿ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಕಂಡರು. ಹೊರಗಿನ ಪಕ್ಷಿಲೋಕಕ್ಕೆ ಅದರ ಸುದ್ದಿ ಮುಟ್ಟಿಸಿದರು. ಅದಕ್ಕಿಂತ ದೊಡ್ಡ ಕೆಲಸ ಎಂದರೆ, ಗೂಡಿರುವ ಮರದ ಹುಣಸೆಯನ್ನು ಕೀಳದೆ ಬಿಟ್ಟ ರೈತನಿಗೆ ಸರ್ಕಾರ ಹಣ ಕೊಡಬೇಕು ಎಂದು ವ್ಯವಸ್ಥೆ ಮಾಡಿಸಿದ್ದು. 1990ರ ದಶಕದಲ್ಲಿ ಮೈಸೂರಿನ ಕೆ. ಮನು ಮತ್ತು ಅವರ ಗೆಳೆಯರು ಊರಿನ ಹುಡುಗರನ್ನು ಸೇರಿಸಿಕೊಂಡು ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ಬೆಳೆಸಿ ಬಿಡುವ ಕೆಲಸ ಈ ಬಳಗದ್ದು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಎಂದು ಘೋಷಣೆಯಾಯಿತು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಊರಿನವರಿಗೆ ಹಕ್ಕಿ ಗೊತ್ತಿತ್ತು, ಆದರೆ ಊರಿನ ತಿಳಿವಳಿಕೆ ಸರ್ಕಾರದ ಕಾಗದಕ್ಕೆ ಹತ್ತಿದ್ದು ಒಬ್ಬರು ಬಂದು ಎಣಿಸಿ ಬರೆದಾಗ. ಬರೆದದ್ದು ಉಳಿದದ್ದು ಊರಿನವರೇ ಕೈಜೋಡಿಸಿದಾಗ. ಹಕ್ಕಿ ನೋಡುವ ಹವ್ಯಾಸ ಒಬ್ಬಂಟಿಯಾಗಿ ಇರುವವರೆಗೆ ಅದು ನೋಡಿದವನ ಸುಖ. ನಾಲ್ಕು ಜನ ಸೇರಿ ನೋಡಿ, ಒಂದೇ ಜಾಗವನ್ನು ವರ್ಷವರ್ಷವೂ ಎಣಿಸಿ, ಬರೆದು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತಿದ್ದಿದಾಗ ಅದು ಆ ಜಾಗದ ಚರಿತ್ರೆಯೇ ಆಗುತ್ತದೆ. ರಾಮನಗರದ ಕುರಿತು ನಾನು ಹೇಳಬೇಕೆಂದಿರುವುದು ಇದನ್ನೇ.

ಹಳೆ ಮೈಸೂರಿನಲ್ಲಿ ಇಂಥ ಬರವಣಿಗೆಗೆ ಗಟ್ಟಿ ತಳಪಾಯ ಹಾಕಿದವರು ಸಲೀಂ ಅಲಿ. ಮಹಾರಾಜರ ಸರ್ಕಾರದ ಬೆಂಬಲದಿಂದ 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. 1941ರಲ್ಲಿ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬಂತು. ಮುಂದಿನ ಎರಡು ತಲೆಮಾರು ಹಕ್ಕಿ ಕಲಿತದ್ದು ಆ ಪುಸ್ತಕದ ಚಿತ್ರಗಳಿಂದ. 1960ರ ಹೊತ್ತಿಗೆ ಜಫರ್ ಫತೇಹಲ್ಲಿ ಪಕ್ಷಿವೀಕ್ಷಕರಿಗೆಂದೇ ಒಂದು ಸಣ್ಣ ಪತ್ರಿಕೆ ಶುರುಮಾಡಿದರು. ಎಲ್ಲೋ ಮೂಲೆಯ ಊರಿನ ಮೇಷ್ಟ್ರು, ಗುಮಾಸ್ತ, ಡಾಕ್ಟರು ತಾವು ಕಂಡದ್ದನ್ನು ಕಾರ್ಡಿನಲ್ಲಿ ಬರೆದು ಕಳಿಸಿದರೂ ಅದು ಅಚ್ಚಾಗುತ್ತಿತ್ತು. ಫತೇಹಲ್ಲಿಯವರು ಮುಂದೆ ಬೆಂಗಳೂರಿಗೇ ಬಂದು ನೆಲೆಸಿದರು. 1970ರ ದಶಕದಲ್ಲಿ ವಿಜ್ಞಾನಿ ಜೋಸೆಫ್ ಜಾರ್ಜ್ ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಫೀಲ್ಡ್ ಕ್ಲಬ್ಬನ್ನು ಕಟ್ಟಿದರು. ಲಾಲ್‌ಬಾಗಿನಲ್ಲಿ ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಸೇರುವುದು ಆ ಕ್ಲಬ್ಬಿನ ಕ್ರಮ. ಈ ಗೆಳೆಯರು ಕೂಡಿಸಿದ ಟಿಪ್ಪಣಿಗಳಿಂದ ಬೆಂಗಳೂರಿನ ಹಕ್ಕಿಗಳ ವಿವರವಾದ ಪಟ್ಟಿಯೊಂದು 1994ರಲ್ಲಿ ಪ್ರಕಟವಾಯಿತು.

ಲಾಲ್‌ಬಾಗಿನಿಂದ ರಾಮನಗರಕ್ಕೆ ದೂರವೇನು, ಐವತ್ತು ಕಿಲೋಮೀಟರ್ ಚಿಲ್ಲರೆ. ಬೆಂಗಳೂರು-ಮೈಸೂರು ರೈಲು ಹಳಿ ಹತ್ತೊಂಬತ್ತನೇ ಶತಮಾನದಿಂದ ಇದೆ. ಬೆಳಗಿನ ಪ್ಯಾಸೆಂಜರ್ ಹತ್ತಿ ರಾಮನಗರದಲ್ಲಿ ಇಳಿದು, ನಿಲ್ದಾಣದ ಹತ್ತಿರ ತಟ್ಟೆ ಇಡ್ಲಿ ತಿಂದು, ಬೆಟ್ಟದ ಕಡೆ ನಡೆದರೆ ಬಿಸಿಲೇರುವ ಮೊದಲೇ ಬಂಡೆಯ ಎದುರು ಕೂರಬಹುದು. ನಮ್ಮ ಕಚೇರಿಯ ಹಿರಿಯರೊಬ್ಬರಿಗೆ ಈ ಬೆಂಗಳೂರಿನ ಗುಂಪಿನ ಪರಿಚಯವಿತ್ತು. “ಬದುವಿನ ಮೇಲೆ ನೋಡೋದು ಸಾಕು, ಒಂದ್ಸಲ ನಮ್ಮ ಜೊತೆ ಬೆಟ್ಟಕ್ಕೆ ಬಾಮ್ಮ” ಎಂದು ಅವರೇ ನನ್ನನ್ನು ಕರೆದುಕೊಂಡು ಹೋದದ್ದು. ಹೆಂಗಸರು ಕಡಿಮೆ ಇದ್ದ ಗುಂಪು ಅದು. ಆದರೂ ಅಲ್ಲಿ ನನಗೆ ಪರಕೀಯತೆ ಅನ್ನಿಸಲಿಲ್ಲ. ಯಾಕೆಂದರೆ ಅಲ್ಲಿ ನಡೆಯುತ್ತಿದ್ದ ಮಾತೆಲ್ಲ ಕಣ್ಣೆದುರಿನ ಹಕ್ಕಿಯದು. ನೋಡಿ ಮುಗಿದ ಮೇಲೆ ನೆರಳಿಗೆ ಬಂದು ಕೂತು ಒಬ್ಬರು ಪಟ್ಟಿ ಓದುತ್ತಿದ್ದರು. ಕಂಡವರು ಕಂಡೆ ಎನ್ನಬೇಕು, ಎಷ್ಟು ಎಂದು ಹೇಳಬೇಕು. ಒಬ್ಬರೇ ಕಂಡದ್ದು ಅಪರೂಪದ ಹಕ್ಕಿಯಾದರೆ ಉಳಿದವರು ಬಿಡುತ್ತಿರಲಿಲ್ಲ: ರೆಕ್ಕೆಯಲ್ಲಿ ಬಿಳಿ ಇತ್ತೇ, ಬಾಲ ಹೇಗಿತ್ತು, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು? ಉತ್ತರ ಸಮಾಧಾನವಾಗದಿದ್ದರೆ ಆ ಹೆಸರು ಪಟ್ಟಿಗೆ ಸೇರುತ್ತಿರಲಿಲ್ಲ. ದೊಡ್ಡ ದೊಡ್ಡ ಅಧಿಕಾರಿಗಳೂ ಕಾಲೇಜು ಹುಡುಗರ ಪ್ರಶ್ನೆಗೆ ತಲೆಬಾಗಿ ಉತ್ತರ ಕೊಡುತ್ತಿದ್ದುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳೇ ಹಕ್ಕಿ ನೋಡುವುದಕ್ಕೆ ಹೇಳಿಮಾಡಿಸಿದ ಕಾಲ. ಎಲೆ ಉದುರಿ ಕಾಡು ತೆರೆದುಕೊಂಡಿರುತ್ತದೆ. ಚಳಿಗಾಲಕ್ಕೆ ಬಂದ ಅತಿಥಿಗಳು ಇನ್ನೂ ಹೊರಟಿರುವುದಿಲ್ಲ, ಊರಿನ ಹಕ್ಕಿಗಳು ಗೂಡಿನ ಗಡಿಬಿಡಿಯಲ್ಲಿರುತ್ತವೆ. ಮಾಗಡಿ ಕಡೆ ಸಾವನದುರ್ಗದ ಬುಡದಲ್ಲಿ ಮುತ್ತುಗ ಹೂಬಿಟ್ಟಿತೆಂದರೆ ಸೂರಕ್ಕಿ, ಗೊರವಂಕ, ಕಾಜಾಣ, ಗಿಳಿ ಎಲ್ಲಕ್ಕೂ ಅದೇ ಛತ್ರ. ಮಧ್ಯ ಏಷ್ಯಾದಿಂದ ಬಂದ ಗುಲಾಬಿ ಕಬ್ಬಕ್ಕಿಗಳ ದಂಡು ವಾಪಸು ಹೊರಡುವ ಮೊದಲು ಆಲ, ಬಸರಿ ಮರಗಳ ಹಣ್ಣಿಗೆ ಮುತ್ತುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಯಜಮಾನರು ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಸಾಲು ಆ ದಿನಗಳಲ್ಲಿ ಕಂಚುಕುಟಿಗದ ಕುಟುಕುಟು ದನಿಯಿಂದ ತುಂಬಿರುತ್ತದೆ. ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡರು. ಹಕ್ಕಿ ನೋಡುವವರ ಚರಿತ್ರೆಯಲ್ಲಿ ಆ ತಾಯಿಯ ಹೆಸರು ಬರದಿದ್ದರೆ ಆ ಚರಿತ್ರೆ ಪೂರ್ತಿಯಲ್ಲ.

ಸಾವನದುರ್ಗದಲ್ಲೂ ರಾಮದೇವರ ಬೆಟ್ಟದಲ್ಲೂ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿಯಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಇದು. ಬಂಡೆ ಒಡೆದರೆ ಅದಕ್ಕೆ ಹೋಗಲು ಇನ್ನೊಂದು ಊರಿಲ್ಲ. ಬೆಂಗಳೂರಿನ ಎಸ್. ಸುಬ್ರಮಣ್ಯ, ಜೆ.ಎನ್. ಪ್ರಸಾದ್ ಮೊದಲಾದ ಪಕ್ಷಿತಜ್ಞರು ಗುಡ್ಡದಿಂದ ಗುಡ್ಡಕ್ಕೆ ಅಲೆದು ಇದರ ನೆಲೆಗಳನ್ನು ಗುರುತಿಸಿದರು. ರಾಮನಗರದ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಊರಿಗೆ ಹಿಂದೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸನ ಹೆಸರಿತ್ತು. ಸುಮಾರು 250 ಕೋಟಿ ವರ್ಷದ ಕಲ್ಲು. ಅದನ್ನು ಸಿಡಿಮದ್ದು ಇಟ್ಟು ಚಪ್ಪಡಿ ಮಾಡಿ ಮಾರುವುದು ನಮ್ಮ ಕಾಲದಲ್ಲೇ ಭರದಿಂದ ನಡೆಯಿತು. ಆ ಸದ್ದನ್ನು ಕೇಳಿಕೊಂಡೇ ಹಕ್ಕಿ ಎಣಿಸಿದ ಬೆಳಗುಗಳು ನನಗೆ ನೆನಪಿವೆ.

ಕನಕಪುರದ ಕಡೆಯದು ಬೇರೆಯೇ ಲೋಕ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ಮುಂದೆ ಮೇಕೆದಾಟು. 1987ರಲ್ಲಿ ಆ ಕಾಡು ಕಾವೇರಿ ವನ್ಯಧಾಮವಾಯಿತು. ನದಿದಂಡೆಯ ಮತ್ತಿ ಮರಗಳಲ್ಲಿ ಮೀನುಹದ್ದುಗಳು ಗೂಡು ಕಟ್ಟುತ್ತವೆ. ಅಲ್ಲಿಗೆ ನಾನು ಹೋದದ್ದು ಕಡಿಮೆ, ಅಷ್ಟಕ್ಕೇ ಬಿಡುತ್ತೇನೆ.

ಕ್ಯಾಮೆರಾದ ಮಾತು ಬೇರೆಯಾಗಿ ಆಡಬೇಕು. ಬೆಂಗಳೂರು ಪಕ್ಷಿ ಛಾಯಾಗ್ರಹಣಕ್ಕೆ ದೊಡ್ಡ ಮನೆತನವಿದ್ದ ಊರು. 1932ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಟಿ.ಎನ್.ಎ. ಪೆರುಮಾಳ್, ಅವರ ಜೊತೆಯ ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಇವರ ಹೆಸರು ದೇಶದಾಚೆಗೂ ಗೊತ್ತಿತ್ತು. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅನೇಕ ಹುಡುಗರಿಗೆ ಶಾಲೆಯಾಯಿತು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಯ ಹಿಂದೆ ಬಿದ್ದು, ಹಕ್ಕಿ ನೋಡುವುದನ್ನು ಕನ್ನಡದಲ್ಲೇ ಓದಿ ಕಲಿಯಬಹುದು ಎಂದು ತೋರಿಸಿಕೊಟ್ಟರು.

ಆ ಕಾಲದ ಹಕ್ಕಿ ಚಿತ್ರವೆಂದರೆ ಬಹುಪಾಲು ಗೂಡಿನ ಚಿತ್ರ. ಅದಕ್ಕೆ ಕಾರಣವೂ ಇತ್ತು. ಫಿಲ್ಮಿನ ವೇಗ ಕಡಿಮೆ, ಉದ್ದ ಲೆನ್ಸು ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇಲ್ಲ, ಒಂದು ರೋಲಿನಲ್ಲಿ 36 ಚಿತ್ರ. ಹಾರುವ ಹಕ್ಕಿಯ ಹಿಂದೆ ಓಡಿದರೆ ಸಿಗುವುದು ಬರೀ ಮಸುಕು. ಆದ್ದರಿಂದ ಹಕ್ಕಿ ತಾನಾಗಿ ಮತ್ತೆಮತ್ತೆ ಬರುವ ಜಾಗ, ಅಂದರೆ ಗೂಡು, ಅದರ ಹತ್ತಿರ ಬಟ್ಟೆಯ ಮರೆ ಕಟ್ಟಬೇಕು. ಮರೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ ಹಕ್ಕಿಗೆ ರೂಢಿ ಮಾಡಿಸಬೇಕು. ಒಬ್ಬ ಒಳಗೆ ಹೋಗುವಾಗ ಇನ್ನೊಬ್ಬ ಜೊತೆಗೆ ಹೋಗಿ ಹಿಂದಿರುಗಬೇಕು. ಎಣಿಕೆ ಬಾರದ ಹಕ್ಕಿ, ಬಂದವರು ಹೋದರು ಎಂದುಕೊಳ್ಳುತ್ತದೆ. ಹೀಗೆ ಇದು ಇಬ್ಬರು ಮೂವರ ಕೆಲಸವಾಗಿತ್ತು, ಒಬ್ಬರ ಚಿತ್ರದಲ್ಲಿ ಇನ್ನೊಬ್ಬರ ಬೆವರಿರುತ್ತಿತ್ತು. ತಿಳಿದವರು ಬಿಸಿಲಿನಲ್ಲಿ ಮರಿಯ ಮೇಲಿನ ಎಲೆ ಸರಿಸುತ್ತಿರಲಿಲ್ಲ, ತಾಯಿ ಬರದಿದ್ದರೆ ಮರೆ ಕಿತ್ತುಕೊಂಡು ಬರುತ್ತಿದ್ದರು. ತಿಳಿಯದವರೂ ಇದ್ದರು. ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಆ ತೀರ್ಮಾನ ಸರಿಯಾದದ್ದು. ಹಳಬರ ಕಸುಬನ್ನು ಗೌರವಿಸುತ್ತಲೇ ಇದನ್ನು ಹೇಳುತ್ತೇನೆ.

ರಾಮದೇವರ ಬೆಟ್ಟದಲ್ಲಿ ಮಾತ್ರ ಗೂಡಿನ ಹತ್ತಿರ ಯಾರೂ ಹೋಗುವಂತಿರಲಿಲ್ಲ. ಉದ್ದಕೊಕ್ಕಿನ ರಣಹದ್ದು ಬಂಡೆಯ ಕಡಿದಾದ ಮುಖವನ್ನೇ ಆರಿಸಿಕೊಳ್ಳುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ಚಳಿಗಾಲದಲ್ಲಿ ಮೊಟ್ಟೆಯಿಟ್ಟರೆ ಶಿವರಾತ್ರಿಯ ಸುಮಾರಿಗೆ ಚಾಚಿನ ಮೇಲೆ ಮರಿಯ ತಲೆ ಕಾಣುತ್ತದೆ. ಜೊತೆಗೆ ಬಿಳಿ ರಣಹದ್ದೂ ಇಲ್ಲಿ ಸಂಸಾರ ಮಾಡುತ್ತದೆ. ಎದುರಿನ ಬಂಡೆಯಿಂದ ತೆಗೆದ ಫಿಲ್ಮಿನ ಚಿತ್ರದಲ್ಲಿ ಹದ್ದು ಕಡ್ಲೆಕಾಳಿನಷ್ಟು ಬರುತ್ತಿತ್ತು. ಯಾವ ಪ್ರದರ್ಶನಕ್ಕೂ ನಡೆಯದ ಚಿತ್ರ. ಆದರೆ ಯಾವ ಚಾಚಿನಲ್ಲಿ ಎಷ್ಟು ಕೂತಿದ್ದವು ಎಂದು ಹೇಳಲು ಅಷ್ಟು ಸಾಕು. ಸುಂದರವಲ್ಲದ ಆ ಚಿತ್ರಗಳಿಗೇ ಇವತ್ತು ಬೆಲೆ.

ಯಾಕೆಂದರೆ 1990ರ ದಶಕದಲ್ಲಿ ಹದ್ದುಗಳು ಮಾಯವಾಗತೊಡಗಿದವು. ಅದನ್ನು ದೇಶಕ್ಕೆ ಮೊದಲು ಸಾರಿದ್ದು ರಾಜಸ್ಥಾನದ ಭರತಪುರದ ಲೆಕ್ಕ. ಅಲ್ಲಿ ವಿಭು ಪ್ರಕಾಶ್ 1980ರ ದಶಕದಲ್ಲಿ ಗೂಡುಗಳನ್ನು ಎಣಿಸಿದ್ದರು, ಹತ್ತು ವರ್ಷ ಬಿಟ್ಟು ಮತ್ತೆ ಎಣಿಸಿದರು. ಹಿಂದಿನ ಪಟ್ಟಿ ಕೈಯಲ್ಲಿದ್ದುದರಿಂದ ಅನಾಹುತ ಕಣ್ಣಿಗೆ ಬಿತ್ತು. ಕಾರಣ ತಿಳಿದದ್ದು 2004ರಲ್ಲಿ. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿ, ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ಔಷಧಿಯೇ ಕೊಲ್ಲುತ್ತಿದೆ ಎಂದು ತೋರಿಸಿದರು. ಚುಚ್ಚುಮದ್ದು ಕೊಟ್ಟ ಸ್ವಲ್ಪ ದಿನಕ್ಕೇ ದನ ಸತ್ತರೆ ಔಷಧಿ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಸೋಲುತ್ತದೆ, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಬಿಳಿ ಹರಳಾಗಿ ಕೂರುತ್ತದೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ವಿಷವಿದ್ದರೂ ಇಡೀ ಸಂತತಿ ಕುಸಿಯಲು ಸಾಕು ಎಂದು ಮುಂದಿನ ಲೆಕ್ಕಾಚಾರ ತಿಳಿಸಿತು. ಯಾಕೆಂದರೆ ಒಂದು ಹೆಣಕ್ಕೆ ಅಷ್ಟೊಂದು ಹದ್ದುಗಳು ಸೇರುತ್ತವೆ. 1990ರ ದಶಕದ ಆರಂಭದಿಂದ 2007ರ ಹೊತ್ತಿಗೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕೂ ಹೆಚ್ಚು ಇಲ್ಲವಾಯಿತು, ಉದ್ದಕೊಕ್ಕಿನದು ನೂರಕ್ಕೆ ಸುಮಾರು 97.

ನಮ್ಮ ಹಳ್ಳಿಗಳ ರೈತರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಕುಂಟುವ ಎತ್ತಿಗೆ ನೋವು ಕಡಿಮೆಯಾಗಲಿ ಎಂದು ಕೊಡಿಸಿದ ಮದ್ದು ಅದು. ಬೆಟ್ಟದ ಮೇಲಿನ ಹದ್ದನ್ನು ಅದು ಮುಟ್ಟುತ್ತದೆ ಎಂದು ಯಾರಿಗೆ ಗೊತ್ತಿತ್ತು? ಸರ್ಕಾರ 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಬದಲಿಗೆ ಇತ್ತು. ಅಷ್ಟಾದರೂ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ನಿಷೇಧವಾಗಲು 2023ರವರೆಗೆ ಕಾಯಬೇಕಾಯಿತು. ಆ ಹದಿನೇಳು ವರ್ಷದ ತಡ ನನಗೆ ಇಂದಿಗೂ ಅರಗುವುದಿಲ್ಲ.

ರಾಮನಗರದಲ್ಲಿ ಈ ಅವಧಿಯಲ್ಲಿ ನಡೆದದ್ದು ನಿಧಾನದ ಕೆಲಸ. ಊರಿನ ಹವ್ಯಾಸಿಗಳು, ಬೆಂಗಳೂರಿನ ಗೆಳೆಯರು, ಅರಣ್ಯ ಇಲಾಖೆಯ ಕೆಲವು ಸಿಬ್ಬಂದಿ ಬಂಡೆಯ ಎದುರು ಕೂತು ಎಣಿಸುತ್ತ ಬಂದರು. ಎಣಿಕೆ ಬೆರಳುಗಳಿಗೆ ಇಳಿದಾಗಲೂ ಬಿಡಲಿಲ್ಲ. ಇಲ್ಲಿ ಇನ್ನೂ ಮರಿಯಾಗುತ್ತಿದೆ ಎಂಬುದಕ್ಕೆ ಚಿತ್ರ ಸಾಕ್ಷಿಯಿತ್ತು, ತಾರೀಖು ಇತ್ತು. 2012ರಲ್ಲಿ ಸುಮಾರು 346 ಹೆಕ್ಟೇರಿನ ರಾಮದೇವರ ಬೆಟ್ಟ ರಣಹದ್ದು ವನ್ಯಧಾಮ ಘೋಷಣೆಯಾಯಿತು. ರಣಹದ್ದಿಗೆಂದೇ ದೇಶದಲ್ಲಿ ಮಾಡಿದ ಮೊದಲ ಧಾಮ ಅದು. ಹದ್ದಿರುವ ಬಂಡೆಗಳನ್ನು ಹಗ್ಗ ಕಟ್ಟಿ ಹತ್ತುವುದಕ್ಕೆ ತಡೆ ಬಿತ್ತು. ದೇವಸ್ಥಾನಕ್ಕೆ ಬರುವ ಭಕ್ತರು ಎಂದಿನಂತೆ ಮೆಟ್ಟಿಲು ಹತ್ತುತ್ತಾರೆ. ಸೀತೆಗಾಗಿ ರೆಕ್ಕೆ ಕಳೆದುಕೊಂಡ ಜಟಾಯುವಿನ ಕಥೆ ಗೊತ್ತಿರುವ ಜನ ಅವರು, ರಾಮನ ಬೆಟ್ಟದಲ್ಲಿ ಹದ್ದಿಗೆ ಜಾಗ ಯಾಕೆ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ.

ಘೋಷಣೆಯಿಂದ ಹದ್ದಿಗೆ ಗೂಡು ಸಿಕ್ಕಿತು, ಊಟ ಸಿಗಲಿಲ್ಲ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಸತ್ತ ದನವನ್ನು ಹೂಳುತ್ತಾರೆ, ಬಯಲು ಸೈಟುಗಳಾಗಿವೆ. ಹದ್ದು ಹೊಟ್ಟೆಗಾಗಿ ಹತ್ತಾರು ಮೈಲಿ ಹಾರಬೇಕು; ಧಾಮದ ಗಡಿ ಅದಕ್ಕೆ ಗೊತ್ತಿಲ್ಲ. ಅಷ್ಟು ದೂರದ ಹಳ್ಳಿಯೊಂದರಲ್ಲಿ ಯಾವ ಚುಚ್ಚುಮದ್ದು ಕೊಟ್ಟಿದ್ದಾರೆ ಎಂಬುದರ ಮೇಲೆ ಇಲ್ಲಿಯ ಮರಿಯ ಬದುಕು ನಿಂತಿದೆ. ಹಾಗಾಗಿ ಹಕ್ಕಿ ನೋಡುವವರು ಬಂಡೆಯ ಎದುರು ಕೂರುವಷ್ಟೇ ಹೊತ್ತನ್ನು ಪಶು ಆಸ್ಪತ್ರೆಯ ಕಟ್ಟೆಯ ಮೇಲೂ, ಔಷಧಿ ಅಂಗಡಿಯ ಮುಂದೂ ಕಳೆಯಬೇಕು ಎಂದು ನಾನು ಹುಡುಗರಿಗೆ ಹೇಳುತ್ತಿರುತ್ತೇನೆ.

ಹುಡುಗರು ಈಗ ಬಹಳ ಜನ ಬರುತ್ತಾರೆ. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬೆಂಗಳೂರಿನಿಂದ ಬರುವುದು ಇನ್ನೂ ಹಗುರವಾಯಿತು. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರೇ ಬಂತು. ಒಬ್ಬೊಬ್ಬರ ಹೆಗಲಲ್ಲೂ ಒಂದೊಂದು ಉದ್ದ ಲೆನ್ಸು. ಅವರ ಒಂದು ಬೆಳಗಿನ ಚಿತ್ರಗಳು ನಮ್ಮ ಕಾಲದವರ ಇಡೀ ವಸಂತದ ಚಿತ್ರಗಳಿಗಿಂತ ಹೆಚ್ಚು. ಇದು ನನಗೆ ಸಂತೋಷವೇ. ಮೊಬೈಲಿನಲ್ಲಿ ಪಟ್ಟಿ ತುಂಬಿದರೆ ಅದು ಆ ಕ್ಷಣಕ್ಕೇ ಎಲ್ಲರ ಪಟ್ಟಿಯಾಗುತ್ತದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ದಾಖಲಿಸಿದ ಸುಮಾರು 3 ಕೋಟಿ ಟಿಪ್ಪಣಿಗಳ ಮೇಲೆ ನಿಂತಿದೆ. ಕಾರ್ಡು ಬರೆದು ಕಳಿಸುತ್ತಿದ್ದ ಆ ಗುಮಾಸ್ತರ, ಮೇಷ್ಟ್ರುಗಳ ಸಂತತಿ ಇಷ್ಟು ಬೆಳೆದಿದೆ.

ಒಂದು ಅಭ್ಯಾಸವನ್ನು ಮಾತ್ರ ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ. ಹಳದಿ ಕೊರಳಿನ ಪಿಕಳಾರದ ಕೂಗನ್ನು ಮೊಬೈಲಿನಲ್ಲಿ ಹಾಕಿ ಹಕ್ಕಿಯನ್ನು ಬಂಡೆಯ ಮೇಲಕ್ಕೆ ಕರೆಯುವವರಿದ್ದಾರೆ. ಅದೂ ಗೂಡಿನ ಕಾಲದಲ್ಲಿ. ಗೌಜಲಕ್ಕಿಗೆ ಬಲೆ ಹಾಕುವವನು ಪಂಜರದ ಹಕ್ಕಿಯಿಂದ ಮಾಡಿಸುತ್ತಿದ್ದುದೂ ಇದನ್ನೇ. ಅವನಿಗೆ ಹೊಟ್ಟೆಯ ಕಾರಣವಾದರೂ ಇತ್ತು. ಸುಳ್ಳು ಎದುರಾಳಿಯ ಜೊತೆ ಜಗಳಕ್ಕೆ ನಿಂತ ಹಕ್ಕಿ ಅಷ್ಟು ಹೊತ್ತು ಮರಿಗೆ ಹುಳು ತರುವುದಿಲ್ಲ. ಕೊಂಬಿನ ಗೂಬೆಯ ಗೂಡಿನ ಜಾಗವನ್ನು ಎಲ್ಲರಿಗೂ ಹಂಚುವುದೂ ಇಷ್ಟೇ ತಪ್ಪು. ಹಕ್ಕಿಯ ಲೆಕ್ಕ ಎಲ್ಲರಿಗೂ ಸಿಗಲಿ, ಗೂಡಿನ ದಾರಿ ಯಾರಿಗೂ ಬೇಡ.

ಇನ್ನು ಕೊನೆಯದಾಗಿ ಒಂದು ಕೆಲಸದ ಮಾತು. 1970, 80ರ ದಶಕದಲ್ಲಿ ರಾಮನಗರ, ಸಾವನದುರ್ಗ, ಕಣ್ವ ಜಲಾಶಯ, ಕಬ್ಬಾಳದುರ್ಗ, ಸಂಗಮ ಸುತ್ತಿದವರ ನೋಟ್‌ಪುಸ್ತಕಗಳು ಎಷ್ಟೋ ಮನೆಗಳ ಅಟ್ಟದಲ್ಲಿರಬೇಕು. ಸ್ಲೈಡುಗಳಿಗೆ ಬೂಷ್ಟು ಹಿಡಿಯುತ್ತಿರಬೇಕು. ಬರೆದವರು ಹೋಗಿಬಿಟ್ಟಿದ್ದರೆ ಮಕ್ಕಳಿಗೆ ಅದು ಹಳೆಯ ಕಾಗದ. ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೋ ಊರಿನ ಪಕ್ಷಿಬಳಗಕ್ಕೋ ಕೊಟ್ಟು ಪುಟಪುಟದ ಪ್ರತಿ ತೆಗೆಸಿ. ನನ್ನ ಪುಸ್ತಕಗಳನ್ನು ನಾನು ಈಗಾಗಲೇ ನಮ್ಮ ಬೀದಿಯ ಕಾಲೇಜು ಹುಡುಗಿಯೊಬ್ಬಳಿಗೆ ಕೊಟ್ಟಿದ್ದೇನೆ. ಹಿಪ್ಪುನೇರಳೆಯ ಬೆಳೆ, ಹುಳುವಿನ ಜ್ವರ, ಬಸ್ಸಿನ ಚಾರ್ಜು ಇವುಗಳ ನಡುವೆ ಬರೆದ ಹಕ್ಕಿಗಳನ್ನು ಅವಳು ಒಂದೊಂದಾಗಿ ಹೆಕ್ಕಿ, ತಾರೀಖಿನ ಸಮೇತ ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ. ಅಕ್ಷರ ಗೊತ್ತಾಗದ ಕಡೆ ಸಂಜೆ ಬಂದು ಕೇಳುತ್ತಾಳೆ.